ನಂಜುಂಡಪ್ಪನವರ ಹಳೇ ಮನೆ

ಮಲ್ಲೇಶ್ವರ, ಬೆಂಗಳೂರು
೧೬-೯-೧೯೭೪

ತೀರ್ಥರೂಪ ಅಪ್ಪನವರಿಗೆ ಕೋಕಿಲಾಳ ನಮಸ್ಕಾರಗಳು. ಇಲ್ಲಿ ನಾನು ಚೆನ್ನಾಗಿದ್ದೇನೆ. ನೀವೂ ಅಮ್ಮನೂ ಚೆನ್ನಾಗಿರಬೇಕು, ಮುಖ್ಯವಾಗಿ ಈ ಕಾಗದ ಓದಿ ಮುಗಿಸಿದ ಮೇಲೆ.

ನಾನೊಂದು ಮನೆ ಕೊಂಡಿದ್ದೇನೆ. ಬಾಡಿಗೆಗೆ ಹಿಡಿದದ್ದಲ್ಲ, ಕೊಂಡದ್ದು. ಶುಕ್ರವಾರ ರಿಜಿಸ್ಟರ್ ಆಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ. ನೀವು ಬೇಡ ಅಂದ ಮೇಲೆ ಕೊಳ್ಳಲು ನನಗೆ ಧೈರ್ಯ ಬರುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ.

ಮನೆ ಅತ್ತಿಗುಪ್ಪೆಯಲ್ಲಿದೆ. ಲೇಔಟಿನ ಹೊಸ ಮನೆಯಲ್ಲ, ಹಳೇ ಊರಿನದು. ಸುತ್ತ ವಿಜಯನಗರ ಲೇಔಟು ಎದ್ದಿದೆ. ರಾಗಿ ಹೊಲವಿದ್ದ ಕಡೆ ಅಡ್ಡರಸ್ತೆಗಳು, ಹುಣಸೆಮರವಿದ್ದ ಕಡೆ ಬಸ್ ಸ್ಟಾಪು. ಹಳೇ ಊರಿನವರು ಒಬ್ಬೊಬ್ಬರಾಗಿ ಲೇಔಟಿನಲ್ಲಿ ಮೋಲ್ಡಿಂಗ್ ಮನೆ ಕಟ್ಟಿಸಿಕೊಂಡು ಹೋದರು, ಬೀದಿ ಪಾಳು ಬೀಳುವ ಹಾಗಾಯಿತು. ಈಗ ನನ್ನಂಥ ಆಫೀಸಿನವರು ಬಂದು ಹೆಂಚು ಕೈಯಾಡಿಸಿ, ಸುಣ್ಣ ಬಳಿಸಿ ಸೇರಿಕೊಳ್ಳುತ್ತಿದ್ದಾರೆ. ಬೀದಿಗೆ ದೀಪ ಬಂದಿದೆ. ಮೂಲೆಯಲ್ಲಿ ಒಂದು ಕಾಫಿ ಹೋಟೆಲ್ ಕೂಡ ಶುರುವಾಗಿದೆ. ಮನೆ ಮಾರಿದ ನಂಜುಂಡಪ್ಪನವರ ಮುತ್ತಾತ ಕಟ್ಟಿಸಿದ ಮನೆ ಇದು. ಕಲ್ಲು ಕಂಬದ ಜಗಲಿ, ನಡುವೆ ಪುಟ್ಟ ತೊಟ್ಟಿ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಗೋಡೆ ಮಣ್ಣಿನದಾದರೂ ನನ್ನ ಮೊಳಕ್ಕಿಂತ ದಪ್ಪ. ಕಿಟಕಿ ಮಾತ್ರ ಇಲ್ಲವೆಂದೇ ಹೇಳಬೇಕು.

ಮಾರ್ಚಿ ಕೊನೆಗೆ ನಿಮ್ಮ ನಿವೃತ್ತಿ. ರೈಲ್ವೆಯವರು ಕ್ವಾರ್ಟರ್ಸ್ ಬಿಡಿ ಅನ್ನುತ್ತಾರೆ. ಬಿಟ್ಟು ನೇರವಾಗಿ ಇಲ್ಲಿಗೆ ಬನ್ನಿ. ಅದಕ್ಕೂ ಮೊದಲು ಈ ಕಾರ್ತೀಕದಲ್ಲಿ ನೀವಿಬ್ಬರೂ ಬಂದು ಹಾಲುಕ್ಕಿಸಿ ಗೃಹಪ್ರವೇಶ ಮಾಡಿಸಿಕೊಡಬೇಕು. ನೀವು ಬರುವ ತನಕ ನಾನು ಹಾಲುಕ್ಕಿಸುವುದಿಲ್ಲ.

ಹೆದರಿಕೊಂಡೇ ಬರೆದಿರುವ ಮಗಳು,
ಕೋಕಿಲಾ


ಬಾಣಾವರ
೨೪-೯-೧೯೭೪

ಚಿ. ಕೋಕಿಲಾಳಿಗೆ ಆಶೀರ್ವಾದ. ಕಾಗದ ಬಂತು. ಕುರ್ಚಿಯಲ್ಲಿ ಕೂತು ಓದಿದ್ದರಿಂದ ಬೀಳಲಿಲ್ಲ.

ಇಡೀ ಪ್ರಪಂಚ ಮಣ್ಣಿನ ಮನೆ ಬಿಟ್ಟು ಮೋಲ್ಡಿಂಗ್ ಮನೆಗೆ ಓಡುತ್ತಿರುವಾಗ ಅವರು ಬಿಟ್ಟ ಮಣ್ಣಿನ ಮನೆಗೆ ನನ್ನ ಮಗಳು ಓಡಿದ್ದಾಳೆ. ಅದೂ ಕಿಟಕಿಯಿಲ್ಲದ್ದು. ಗೂಡ್ಸ್ ವ್ಯಾಗನ್ನಿಗಾದರೂ ಬಾಗಿಲು ತೆಗೆದರೆ ಗಾಳಿ ಬರುತ್ತದೆ.

ಇರಲಿ. ಮುಖ್ಯ ವಿಷಯ ಬೇರೆ. ಮಗಳನ್ನು ಮದುವೆ ಮಾಡಿ ಕೊಟ್ಟರೆ, ಆ ಮನೆಯಲ್ಲೊಂದು ಮಗು ಹುಟ್ಟುವ ತನಕ ತಂದೆ ಅಲ್ಲಿ ಊಟ ಮಾಡುವ ಹಾಗಿಲ್ಲ. ಇದು ನಮ್ಮ ಮನೆತನದಲ್ಲಿ ನಡೆದುಕೊಂಡು ಬಂದದ್ದು, ನಿನಗೂ ಗೊತ್ತು. ಮದುವೆಯೇ ಆಗದ ಮಗಳು ಸ್ವಂತ ಮನೆ ಮಾಡಿದರೆ ತಂದೆ ಏನು ಮಾಡಬೇಕು? ಪುರೋಹಿತರನ್ನು ಕೇಳಿದೆ. ಅವರು ಪಂಚಾಂಗ ಮಡಚಿಟ್ಟು, "ಅಂಥದ್ದೆಲ್ಲಾ ಇರೋದೇ ಇಲ್ಲ ಸ್ವಾಮಿ" ಅಂದರು. ಇಲ್ಲದ ಮನೆಗೆ ನಾನು ಬರುವುದು ಹೇಗೆ?

ನಾನು ಬದುಕಿರುವಾಗ ಮನೆ ಮಾಡುವ ಕೆಲಸ ನನ್ನದಾಗಿತ್ತು. ನನ್ನ ಕೈಯಲ್ಲಿ ಆಗಲಿಲ್ಲ, ಆದರೆ ಕೆಲಸ ನನ್ನದೇ. ಆದ್ದರಿಂದ ತಿಳಿಸುವುದೇನೆಂದರೆ, ಆ ಮನೆಯ ಹೊಸಿಲನ್ನು ನಾನು ದಾಟುವುದಿಲ್ಲ. ಇದು ಶಪಥ. ಅರಸೀಕೆರೆಯಲ್ಲಿ ಸ್ಟೇಷನ್ ಹತ್ತಿರ ಎರಡು ರೂಮು ಬಾಡಿಗೆಗೆ ನೋಡುತ್ತಿದ್ದೇನೆ. ನಾವು ಅಲ್ಲಿ ಇರುತ್ತೇವೆ.

ಇಂತು,
ಚಕ್ರಪಾಣಿ, ಸ್ಟೇಷನ್ ಮಾಸ್ಟರ್

(ಕೋಕಿ, ಮಡಚುವ ಜಾಗದಲ್ಲಿ ಬರೆಯುತ್ತಿದ್ದೇನೆ, ಹರಿಯದಂತೆ ಬಿಚ್ಚು. ಮೇಲಿನದನ್ನು ಓದಿ ಅಳಬೇಡ. ಬೆಳಿಗ್ಗೆಯಿಂದ ನಿಮ್ಮಪ್ಪ ಬೆಂಗಳೂರಿನ ನಕ್ಷೆ ಹರಡಿಕೊಂಡು ಭೂತಗನ್ನಡಿಯಲ್ಲಿ ಅತ್ತಿಗುಪ್ಪೆ ಹುಡುಕುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ಅಡುಗೆಮನೆಯಲ್ಲಿ ಹೊಗೆ ಹೋಗುತ್ತದೆಯೇ? ಅಮ್ಮ, ತುಂಗಾ.)


ಅತ್ತಿಗುಪ್ಪೆ
೨೦-೧೧-೧೯೭೪

ಅಪ್ಪನವರಿಗೆ ನಮಸ್ಕಾರ.

ದೀಪಾವಳಿ ಮುಗಿದ ಮೇಲೆ ಟ್ರಂಕು, ಸ್ಟವ್ವು ತೆಗೆದುಕೊಂಡು ಇಲ್ಲಿಗೆ ಬಂದೆ. ಪೂಜೆ ಇಲ್ಲ, ಹಾಲು ಇಲ್ಲ. ಹೇಳಿದ ಮಾತು ಹೇಳಿದ ಹಾಗೆ ನಡೆಸುವುದು ನಿಮಗೆ ಮಾತ್ರ ಬರುತ್ತದೆ ಎಂದುಕೊಳ್ಳಬೇಡಿ.

ಆದರೆ ಇನ್ನೊಬ್ಬರು ಗೃಹಪ್ರವೇಶ ಮಾಡಿಬಿಟ್ಟರು. ಮೊದಲ ಸಂಜೆ ದೀಪ ಹಚ್ಚಿ ತಿರುಗಿದರೆ ಬಾಗಿಲಲ್ಲಿ ಒಂದು ಹಸು. ಕೆಂಚು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. ಹೊಸ ಬಾಡಿಗೆಯವರನ್ನು ಮನೆಯ ಯಜಮಾನಿ ನೋಡುವ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿತು. ನಾನು ಪಕ್ಕಕ್ಕೆ ಸರಿದೆ. ಅದು ಹೊಸಿಲು ದಾಟಿ ಒಳಗೆ ಬಂದು ಎಡಕ್ಕೆ ತಿರುಗಿ ನಿಂತಿತು.

ಹಳೇ ಕಾಲದ ಮನೆ ನೋಡಿ, ಬಾಗಿಲ ಒಳಗೇ ಎಡಗಡೆ ದನ ಕಟ್ಟುವ ಅಂಕಣವಿದೆ. ಮೇವು ಹಾಕುವ ಗೋದಲಿಯನ್ನು ತೊಳೆದು ನಾನು ಅದರಲ್ಲಿ ಪುಸ್ತಕ ಜೋಡಿಸಿದ್ದೆ. ಬೆಂಗಳೂರಿನಲ್ಲಿ ಇಂಥ ಶೆಲ್ಫು ಯಾರ ಮನೆಯಲ್ಲೂ ಇಲ್ಲವೆಂದು ಹೆಮ್ಮೆಯೂ ಆಗಿತ್ತು. ಹಸು ಒಂದು ವಾರಪತ್ರಿಕೆಯ ದೀಪಾವಳಿ ವಿಶೇಷಾಂಕವನ್ನು ಮುಖಪುಟದಿಂದ ಶುರುಮಾಡಿ ತಿಂದಿತು. ಒಂದು ಧಾರಾವಾಹಿಯ ಕೊನೆಯ ಕಂತು ಅದರಲ್ಲಿತ್ತು. ನಾನಿನ್ನೂ ಓದಿರಲಿಲ್ಲ.

ಅಷ್ಟರಲ್ಲಿ ಒಬ್ಬ ಮುದುಕಿ ಬಂದರು. ನಂಜುಂಡಪ್ಪನವರ ತಾಯಿ, ಚಿಕ್ಕಲಕ್ಷ್ಮಮ್ಮ. "ಅಯ್ಯೋ ಕೆಂಚಿ, ಇಲ್ಲಿದೀಯೇನೇ!" ಎಂದು ಬಹಳ ಆಶ್ಚರ್ಯಪಟ್ಟರು. ಕೈಯಲ್ಲಿ ಮಾತ್ರ ಹಾಲು ಕರೆಯುವ ತಂಬಿಗೆ ಇತ್ತು. ಮಗನ ಮೋಲ್ಡಿಂಗ್ ಮನೆಯ ಹಿಂದೆ ಕೆಂಚಿಗೆ ಶೀಟು ಹಾಕಿಸಿ ಕೊಟ್ಟಿಗೆ ಮಾಡಿದ್ದಾರಂತೆ. ಅದು ದಿನಾ ಮೇಯಲು ಹೋಗಿ ನೇರ ಇಲ್ಲಿಗೇ ಬರುತ್ತದಂತೆ. ಕರೆದುಕೊಂಡು ಹೋಗಲು ಈ ಅಜ್ಜಿ ಬರುತ್ತಾರೆ. ಬಂದವರು ಹಾಲು ಕರೆದು, ನನಗೊಂದು ಲೋಟ ಕೊಟ್ಟು, ಮನೆಯನ್ನೆಲ್ಲ ಕಣ್ಣಲ್ಲೇ ಗುಡಿಸಿ, "ಆ ಮೂಲೇಲಿ ಟ್ರಂಕ್ ಮಡಗ್ಬ್ಯಾಡ ಕಣವ್ವ, ಅಲ್ಲಿ ನಮ್ಮತ್ತೆ ಮಲಗ್ತಿದ್ಲು" ಎಂದರು. ಅತ್ತೆ ತೀರಿಕೊಂಡು ಯಾವ ಕಾಲವಾಯಿತೋ. ನಾನು ಟ್ರಂಕು ಸರಿಸಿದೆ.

ಇನ್ನೊಂದು. ನೀವು ಕಾಗದದ ಮೇಲೆ "ಕೇರಾಫ್ ನಂಜುಂಡಪ್ಪ" ಎಂದು ಬರೆಯುವುದು ಬೇಡ. ಪೋಸ್ಟ್‌ಮನ್ ಜಂಬಣ್ಣ ಅದನ್ನು ಕರ್ತವ್ಯನಿಷ್ಠೆಯಿಂದ ಲೇಔಟಿನಲ್ಲಿರುವ ನಂಜುಂಡಪ್ಪನವರ ಹೊಸ ಮನೆಗೆ ಕೊಡುತ್ತಾರೆ. ಅಲ್ಲಿಂದ ಚಿಕ್ಕಲಕ್ಷ್ಮಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡು ಹಸುವಿನ ಹಿಂದೆ ತರುತ್ತಾರೆ. ನೀವು ಇಲ್ಲಿಗೆ ಬರೆದ ದೀಪಾವಳಿಯ ಕಾಗದಕ್ಕೆ ಸಗಣಿ ಮೆತ್ತಿತ್ತು.

ನಮಸ್ಕಾರಗಳೊಂದಿಗೆ,
ಕೋಕಿಲಾ


ಬಾಣಾವರ
೨೮-೧೧-೧೯೭೪

ಚಿ. ಕೋಕಿಲಾಳಿಗೆ ಆಶೀರ್ವಾದ.

ಒಂಟಿ ಹೆಣ್ಣುಮಗಳ ಹೆಸರನ್ನು ಬರಿದಾಗಿ ಕಾಗದದ ಮೇಲೆ ಬರೆಯಲು ನನ್ನ ಕೈ ಬರುವುದಿಲ್ಲ. ಯಾರಾದರೊಬ್ಬ ಗೃಹಸ್ಥರ ಕೇರಾಫ್ ಇರಲೇಬೇಕು. ಸಗಣಿ ಮೆತ್ತಿದರೆ ಮೆತ್ತಲಿ, ಸಗಣಿ ಮೈಲಿಗೆಯಲ್ಲ.

ಹಸುವಿನ ವಿಷಯ. ದುಡ್ಡು ಕೊಟ್ಟು ಕೊಂಡ ಮನೆಗೆ ಮಾರಿದವರ ಹಸು ದಿನಾ ಬಂದು ನಿಲ್ಲುವುದು ಯಾವ ನ್ಯಾಯ? ಇದು ನಿನ್ನ ಮೆತ್ತಗಿನ ಸ್ವಭಾವದ ಫಲ. ನನ್ನ ಸ್ಟೇಷನ್ನಿನಲ್ಲಿ ಸಿಗ್ನಲ್ ಕೊಡದೆ ಒಂದು ಗಾಡಿ ಒಳಗೆ ಬರಲಿ ನೋಡೋಣ. ಅದು ಬರುವ ಹೊತ್ತಿಗೆ ಮುಂಬಾಗಿಲು ಹಾಕಿ ಅಗುಳಿ ಜಡಿದುಬಿಡು. ನಾಲ್ಕು ದಿನ ಹಾಗೆ ಮಾಡಿದರೆ ದಾರಿ ಮರೆಯುತ್ತದೆ. ಆ ಅಜ್ಜಿಯೂ ಮರೆಯುತ್ತಾರೆ.

ಆ ಮನೆಗೂ ನನಗೂ ಸಂಬಂಧವಿಲ್ಲ. ಬರೆದೆಯಲ್ಲ ಎಂದು ಹೇಳಿದೆ.

ಚಕ್ರಪಾಣಿ


ಅತ್ತಿಗುಪ್ಪೆ
೮-೧೨-೧೯೭೪

ಅಪ್ಪನವರಿಗೆ ನಮಸ್ಕಾರ.

ನಿಮ್ಮ ಸಲಹೆಯಂತೆ ನಡೆದುಕೊಂಡೆ. ಈಗ ಈ ಬೀದಿಯಲ್ಲಿ ನನ್ನ ಹತ್ತಿರ ಮಾತಾಡುವವರು ಯಾರೂ ಇಲ್ಲ.

ಮೊನ್ನೆ ಶುಕ್ರವಾರ ಸಂಜೆ ದೀಪ ಹಚ್ಚಿ, ಬಾಗಿಲು ಹಾಕಿ, ಅಗುಳಿ ಜಡಿದು ಒಳಗೆ ಕೂತೆ. ಕೆಂಚಿ ಬಂತು. ಕೊಂಬಿನಿಂದ ಬಾಗಿಲು ಮುಟ್ಟಿತು. ಆಮೇಲೆ ಕೂಗಲು ಶುರುಮಾಡಿತು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಥೆಂಥ ಕೂಗಾಟ ಕಿವಿಯಲ್ಲಿ ಹಾಕಿಕೊಂಡವಳು, ಟ್ರಂಕ್ ಕಾಲ್ ಸಿಗದವರ ಬೈಗುಳವನ್ನೆಲ್ಲ ಕೇಳಿದವಳು. ಆದರೂ ತಡೆಯಲಾಗಲಿಲ್ಲ. ಬಾಗಿಲು ತೆಗೆದು ನೋಡಿದರೆ ಹಸುವಿನ ಹಿಂದೆ ಇಡೀ ಬೀದಿ ನಿಂತಿದೆ.

ಎದುರು ಮನೆಯ ರಾಮಕ್ಕ ಎದೆ ಬಡಿದುಕೊಂಡರು. "ದೀಪ ಹಚ್ಚೋ ಹೊತ್ನಲ್ಲಿ, ಅದೂ ಶುಕ್ರವಾರ, ಮನೆ ಬಾಗ್ಲಿಗೆ ಬಂದ ಲಕ್ಷ್ಮೀಗೆ ಅಗುಳಿ ಹಾಕ್ತಾರೇನವ್ವ? ಯಾರ್ ಹೇಳ್ಕೊಟ್ರು ನಿಂಗೆ ಈ ಬುದ್ಧೀನ?"

ನಾನು ಸುಳ್ಳು ಹೇಳುವವಳಲ್ಲ. "ನಮ್ಮಪ್ಪ" ಅಂದೆ.

"ಏನ್ ಕೆಲ್ಸ ನಿಮ್ಮಪ್ಪಂದು?"

"ರೈಲ್ವೆ."

"ಹಂಗನ್ನು" ಎಂದು ಎಲ್ಲರೂ ತಲೆಯಾಡಿಸಿದರು. ಚಿಕ್ಕಲಕ್ಷ್ಮಮ್ಮ ಹೊಸಿಲ ಮೇಲೆ ಕೂತು ಕಣ್ಣೊರೆಸಿಕೊಂಡರು. ಅದನ್ನು ನೋಡಿ ನನಗೂ ಅಳು ಬಂತು. ಕೆಂಚಿ ಈಗ ಗಬ್ಬವಂತೆ, ಅಪ್ಪ. ಬಸುರಿಯನ್ನು ಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು.

ಪುಸ್ತಕಗಳನ್ನು ಗೋದಲಿಯಿಂದ ತೆಗೆದಿದ್ದೇನೆ. ಹುಲ್ಲು ಹಾಕಿದ್ದೇನೆ.

ಊರಿಗೆಲ್ಲ ಕೆಟ್ಟವಳಾದ,
ಕೋಕಿಲಾ


ಬಾಣಾವರ
೧೩-೧೨-೧೯೭೪

ಚಿ. ಕೋಕಿಲಾಳಿಗೆ.

ಶುಕ್ರವಾರ ಸಂಜೆ, ಗಬ್ಬದ ಹಸು! ನಾನು ಬಾಗಿಲು ಹಾಕು ಎಂದದ್ದು ನಿಜ. ಶುಕ್ರವಾರವೂ ಹಾಕು ಎಂದು ಎಲ್ಲಿ ಬರೆದಿದ್ದೇನೆ? ಗಬ್ಬ ಎನ್ನುವ ಮುಖ್ಯ ವಿಷಯವನ್ನು ನೀನು ಮೊದಲೇ ತಿಳಿಸಬೇಡವೇ? ಪೂರ್ತಿ ವರದಿ ಇಲ್ಲದೆ ಕೊಟ್ಟ ಆದೇಶದ ಪಾಪ ಯಾರಿಗೆ ಹೋಗುತ್ತದೆ? ನನಗೇ. ಮೂರು ರಾತ್ರಿಯಿಂದ ನಿದ್ದೆಯಿಲ್ಲ.

ಕೂಡಲೇ ಮಾಡಬೇಕಾದದ್ದು: ಪ್ರತಿ ಶುಕ್ರವಾರ ಸ್ನಾನ ಮಾಡಿ ಅಕ್ಕಿ ಬೆಲ್ಲ ಕಲಸಿ ಅದಕ್ಕೆ ತಿನ್ನಿಸು. ಹಣೆಗೆ ಕುಂಕುಮವಿಟ್ಟು, ಬಾಲ ಮುಟ್ಟಿ, "ನಮ್ಮ ತಂದೆಯವರು ತಿಳಿಯದೆ ಹೇಳಿದರು" ಎಂದು ಹೇಳು. ನನ್ನ ಗೋತ್ರವನ್ನೂ ಹೇಳು, ಬೇರೆ ಚಕ್ರಪಾಣಿ ಎಂದುಕೊಂಡೀತು. ಬಾಗಿಲು ಸಂಜೆ ತೆರೆದೇ ಇರಲಿ. ಕರು ಹಾಕುವುದು ಯಾವಾಗ? ಇದು ಎಷ್ಟನೆಯ ಸೂಲು? ಮಲಗಿದಾಗ ಯಾವ ಮಗ್ಗುಲು? ವಿವರವಾಗಿ ಬರೆ.

ಆ ರಾಮಕ್ಕನವರಿಗೆ ತಿಳಿಸು: ರೈಲ್ವೆಯಲ್ಲೂ ಧರ್ಮ ಬಲ್ಲವರು ಇದ್ದಾರೆ.

ಚಕ್ರಪಾಣಿ

(ಕೋಕಿ, ನಿನ್ನೆ ಇಲ್ಲಿ ಪ್ಲಾಟ್‌ಫಾರಮ್ಮಿಗೆ ನುಗ್ಗಿದ ಒಂದು ಬೀಡಾಡಿ ದನಕ್ಕೆ ನಿಮ್ಮಪ್ಪ ಎದ್ದು ನಿಂತು ಬಾಳೆಹಣ್ಣು ಕೊಟ್ಟರಂತೆ. ಪೋರ್ಟರ್‌ಗಳು ನಗುತ್ತಿದ್ದರು. ಅಮ್ಮ.)


ಅತ್ತಿಗುಪ್ಪೆ
೧೭-೧-೧೯೭೫

ಅಪ್ಪನವರಿಗೆ ನಮಸ್ಕಾರ.

ಕೆಂಚಿಗೆ ನಿಮ್ಮ ಗೋತ್ರ ಹೇಳಿದ್ದೇನೆ. ತಲೆಯಾಡಿಸಿತು, ನೊಣ ಇದ್ದಿರಬಹುದು. ಇದು ಅದರ ಮೂರನೆಯ ಸೂಲಂತೆ, ಯುಗಾದಿಯ ಹೊತ್ತಿಗೆ ಕರು ಹಾಕುತ್ತದಂತೆ.

ಸಂಕ್ರಾಂತಿಗೆ ಇಲ್ಲಿ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಬೀದಿಯ ತುದಿಯಲ್ಲಿ ಹುಲ್ಲಿಗೆ ಬೆಂಕಿ ಹಾಕಿ ಅದರ ಮೇಲೆ ಹಾರಿಸುವುದು. ಕೆಂಚಿ ಗಬ್ಬವಾದ್ದರಿಂದ ಹಾರಿಸಲಿಲ್ಲ, ಬೆಂಕಿಯ ಪಕ್ಕದಲ್ಲಿ ನಡೆಸಿದರೆ ಸಾಕು ಎಂದರು. ಊರಿನ ಮೊದಲ ಹಸು ಈ ಮನೆಯಿಂದಲೇ ಹೊರಡುವುದು ವಾಡಿಕೆಯಂತೆ, ಹಗ್ಗವನ್ನು ಮನೆಯವರೇ ಹಿಡಿಯಬೇಕಂತೆ. ನಂಜುಂಡಪ್ಪನವರು ಪ್ಯಾಂಟು ಹಾಕಿಕೊಂಡು ಮುಂದೆ ಬಂದರು. ಚಿಕ್ಕಲಕ್ಷ್ಮಮ್ಮ ಅವರ ಕೈಯಿಂದ ಹಗ್ಗ ಕಿತ್ತು ನನಗೆ ಕೊಟ್ಟರು. "ನೀನ್ ಮಾರ್ಬಿಟ್ಟೆ ಕಣ್ಲಾ, ಈ ಮನೆಯವ್ಳು ಇವ್ಳು" ಅಂದರು.

ನಾನು ಗತ್ತಿನಿಂದ ಹೊರಟೆ. ತಮಟೆ ಹೊಡೆದರು. ಕೆಂಚಿ ಬೆದರಿತು. ಹೊಸ ಸೀರೆಯಲ್ಲಿ ನಾನು ಕಾಫಿ ಹೋಟೆಲಿನ ತನಕ ಕೆಂಚಿಯ ಹಿಂದೆ ಓಡಿದೆ, ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಬೀದಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಎಲ್ಲರೂ ಮಾತಾಡಿಸುತ್ತಿದ್ದಾರೆ.

ಅಪ್ಪ, ಒಂದು ಮಾತು ನೇರವಾಗಿ ಕೇಳುತ್ತೇನೆ. ಅವತ್ತು ಎಳ್ಳು ಬೀರಿ ಮನೆಗೆ ಬಂದು ಕೂತಾಗ ನನಗೆ ತುಂಬ ಸಂತೋಷವಾಗಿತ್ತು. ಹೇಳಿಕೊಳ್ಳಲು ನೀವಿಬ್ಬರೂ ಇರಲಿಲ್ಲ. ಈ ಮನೆಯನ್ನು ನಾನು ಒಬ್ಬಳಿಗೆಂದು ಕೊಳ್ಳಲಿಲ್ಲ. ಒಬ್ಬಳಿಗೆ ಮಲ್ಲೇಶ್ವರದ ಹಾಸ್ಟೆಲ್ಲೇ ಸಾಕಾಗಿತ್ತು. ಏಪ್ರಿಲ್‌ನಲ್ಲಿ ಬರುತ್ತೀರೋ ಇಲ್ಲವೋ?

ನಿಮ್ಮ,
ಕೋಕಿಲಾ


ಬಾಣಾವರ
೧೦-೨-೧೯೭೫

ಕೋಕಿ,

ನಿಮ್ಮಪ್ಪನಿಂದ ಉತ್ತರ ಬರಲಿಲ್ಲ ಎಂದು ಕಾಯುತ್ತಿರುತ್ತೀಯ. ಬರೆಯಲು ಕೂರುತ್ತಾರೆ, "ಚಿ. ಕೋಕಿಲಾಳಿಗೆ ಆಶೀರ್ವಾದ" ಎಂದು ಬರೆಯುತ್ತಾರೆ, ಇಂಕು ಒಣಗುತ್ತದೆ, ಎದ್ದು ಹೋಗುತ್ತಾರೆ.

ಹೋದ ವಾರ ಅರಸೀಕೆರೆಗೆ ಹೋಗಿ ರೂಮು ನೋಡಿ ಬಂದೆವು. ಹಗಲಲ್ಲೂ ಲೈಟು ಹಾಕಬೇಕು. ನಲ್ಲಿ ನಾಲ್ಕು ಸಂಸಾರಕ್ಕೆ ಒಂದು. ನಿಮ್ಮಪ್ಪ "ಸ್ಟೇಷನ್ ಹತ್ತಿರ ಇದೆ" ಎಂದರು. ಬೇರೇನೂ ಹೊಗಳಲು ಸಿಗಲಿಲ್ಲ, ಪಾಪ. ಅವತ್ತು ರಾತ್ರಿ ಊಟ ಮಾಡಲಿಲ್ಲ. ಅವರಿಗೆ ಬರಬೇಕೆಂದು ಆಸೆಯಿದೆ ಕಣೇ. ಶಪಥ ಮಾಡಿ ಕೂತಿದ್ದಾರೆ, ಇಳಿಯಲು ಏಣಿಯಿಲ್ಲ.

ಏಣಿ ನಾನು ಹೇಳುತ್ತೇನೆ. ನೀನು ಮನೆಯ ಸುದ್ದಿ ಬರೆಯಬೇಡ. ಹಸುವಿನ ಸುದ್ದಿ ಬರೆ. ಮೇವು ಸರಿಯಾಗಿ ತಿನ್ನುತ್ತಿಲ್ಲ, ದನ ಬಲ್ಲವರು ಯಾರಾದರೂ ಬಂದು ನೋಡಿದರೆ ವಾಸಿ ಎಂದು ಬರೆ. ಅವರಿಗೆ ದನದ ವಿಷಯ ಏನೂ ಗೊತ್ತಿಲ್ಲ, ಆದರೆ ಹಾಗೆಂದು ಅವರಿಗೆ ಗೊತ್ತಿಲ್ಲ. ಸುಳ್ಳು ಹೇಳುವುದಿಲ್ಲ ಎಂದು ಹಟ ಹಿಡಿಯಬೇಡ. ಯಾವ ಹಸುವೂ ದಿನಾ ಒಂದೇ ಸಮನೆ ತಿನ್ನುವುದಿಲ್ಲ.

ಅಮ್ಮ


ಅತ್ತಿಗುಪ್ಪೆ
೩-೩-೧೯೭೫

ಅಮ್ಮಾ,

ಅಪ್ಪ ಇವತ್ತು ಬೆಳಗಿನ ಗಾಡಿಗೆ ಹೊರಟರು. ಅಲ್ಲಿಗೆ ಬಂದು ಅವರು ಏನೂ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ನಾನು ಡ್ಯೂಟಿ ಮುಗಿಸಿ ಬಂದರೆ ಜಗಲಿಯ ಮೇಲೆ ಹಾಸಿಗೆಯ ಹೋಲ್ಡಾಲ್ ಬಿಚ್ಚಿ ಕೂತಿದ್ದಾರೆ, ತಲೆಯ ಮೇಲೆ ರೈಲ್ವೆ ಟೋಪಿ. "ನಾನು ಹಸು ನೋಡೋಕೆ ಬಂದಿದ್ದು. ಮನೆ ನೋಡೋಕಲ್ಲ" ಅಂದರು. ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಇಲ್ಲ. ಜಗಲಿ ಹೊಸಿಲಿನ ಈಚೆಗಿದೆ, ಆದ್ದರಿಂದ ಶಪಥಕ್ಕೆ ತೊಂದರೆಯಿಲ್ಲವಂತೆ. ಸ್ನಾನಕ್ಕೆ ಪಕ್ಕದ ಸಂದಿಯಿಂದ ಸುತ್ತಿ ಹಿತ್ತಲ ಬಾವಿಗೆ ಹೋಗುತ್ತಾರೆ. ಬಾವಿಯ ನೀರು ಭೂಮಿತಾಯಿಯದು, ಕುಡಿಯಬಹುದು. ಊಟಕ್ಕೆ ನೀನು ಕಟ್ಟಿಕೊಟ್ಟ ಅವಲಕ್ಕಿ. ನಾನು ಒಳಗೆ ಹುಳಿಗೆ ಒಗ್ಗರಣೆ ಹಾಕಿದಾಗ ಪೇಪರು ಸ್ವಲ್ಪ ಕೆಳಗಿಳಿಯಿತು. ಮತ್ತೆ ಮೇಲೇರಿತು.

ಸಂಜೆ ಕೆಂಚಿ ಬಂತು. ಅಪ್ಪ ಎದ್ದು ನಿಂತು ಟೋಪಿ ತೆಗೆದರು. ಅದು ಅವರ ಪಕ್ಕದಲ್ಲೇ ಹಾದು ಒಳಗೆ ಹೋಯಿತು. ತಾವು ನೋಡಲು ಬಂದ ಹಸು ಒಳಗೆ, ತಾವು ಹೊರಗೆ. ಆಗ ತೊಡಕು ಶುರುವಾಯಿತು. ಬೀದಿಯ ಹಿರಿಯರು, ಚಿಕ್ಕಹನುಮಯ್ಯನವರು, ನ್ಯಾಯ ಹೇಳಲು ಬಂದರು. "ದನದ ಅಂಕಣ ಮನೆ ಅಲ್ಲ ಸ್ವಾಮಿ, ಕೊಟ್ಟಿಗೆ. ನೀವು ಹೋಗ್ಬೋದು."

ಅಪ್ಪ ಬಹಳ ಯೋಚಿಸಿದರು. "ಹೊಸಿಲು ಎರಡಕ್ಕೂ ಒಂದೇ ಅಲ್ವೇ?"

"ಒಂದೇಯಾ."

"ಹಾಗಾದ್ರೆ ಆಗಲ್ಲ."

ಕೊನೆಗೆ ಬಾಗಿಲ ಹೊರಗೆ ನಿಂತು ಕತ್ತು ಒಳಗೆ ಚಾಚಿ ಪರೀಕ್ಷೆ ಮಾಡಿದರು. ಕತ್ತಿಗೆ ಶಪಥ ಇಲ್ಲವಂತೆ. "ಹಸು ದುಂಡಗಿದೆ" ಎಂದು ತೀರ್ಪು ಕೊಟ್ಟರು.

ಚಿಕ್ಕಲಕ್ಷ್ಮಮ್ಮ ಬಂದು ಜಗಲಿಯ ಇನ್ನೊಂದು ತುದಿಯಲ್ಲಿ ಕೂತರು. ಅಪ್ಪ ಬಿಗುಮಾನದಿಂದ ಕೇಳಿದರು, "ನಿಮ್ಮ ಮಗನ ಹೊಸ ಮನೇಲಿ ಎಲ್ಲಾ ಅನುಕೂಲ ಇದೆಯಂತಲ್ಲ, ಮತ್ಯಾಕೆ ದಿನಾ ಇಲ್ಲಿಗೆ?"

"ಹಸು ಹುಡುಕ್ಕೊಂಡು ಬತ್ತೀನಿ ಸ್ವಾಮಿ. ನೀವ್ಯಾಕ್ ಬಂದ್ರಿ?"

"ನಾನೂ ಹಸು ನೋಡೋಕೇ."

ಅಜ್ಜಿ ಎಲೆಯಡಿಕೆಯನ್ನು ದವಡೆಗೆ ಒತ್ತಿಕೊಂಡರು. "ನಂಗ್ ನನ್ ಮಗನ ಮನೆ ಒಗ್ಗಕ್ಕಿಲ್ಲ, ನೆಲದ ಮ್ಯಾಲೆ ಕಾಲಿಟ್ರೆ ಜಾರ್ತದೆ. ನಿಮ್ಗೆ ನಿಮ್ ಮಗಳ ಮನೆ ಒಗ್ಗಕ್ಕಿಲ್ಲ. ನಮ್ಮಿಬ್ರಿಗೂ ಈ ಜಗಲೀನೇ ಗತಿ ಬುಡಿ" ಎಂದು ನಕ್ಕರು.

ಅಪ್ಪ ನಗಲಿಲ್ಲ. ದೂರದಲ್ಲಿ ಮೈಸೂರು ಗಾಡಿ ಕೂಗಿತು. ಗಡಿಯಾರ ತೆಗೆದು ನೋಡಿ, "ಲೇಟು" ಅಂದರು. ಎರಡು ರಾತ್ರಿಯೂ ಜಗಲಿಯಲ್ಲೇ ಮಲಗಿದರು. ಬೀದಿಯವರೆಲ್ಲ ನನ್ನನ್ನು, ಹೆತ್ತವನನ್ನು ಹೊರಗೆ ಮಲಗಿಸಿದವಳು ಎಂದು ನೋಡುತ್ತಿದ್ದಾರೆ. ನನ್ನ ಮಾನ ಮತ್ತೆ ಹೋಯಿತು.

ನಿನ್ನ ಏಣಿ ಜಗಲಿಯ ತನಕ ಮುಟ್ಟಿತು. ಇನ್ನೊಂದೇ ಮೆಟ್ಟಿಲು ಬಾಕಿ. ನ್ಯಾಯವಾಗಿ ಅದನ್ನು ಅವರೇ ಹತ್ತಬೇಕು. ನಾನಿನ್ನು ಕರೆಯುವುದಿಲ್ಲ.

ಕೋಕಿ


ಅತ್ತಿಗುಪ್ಪೆ
೯-೪-೧೯೭೫

ಸೌ. ತುಂಗಾಳಿಗೆ ಚಕ್ರಪಾಣಿಯ ಆಶೀರ್ವಾದ.

ನಾನು ಕ್ಷೇಮವಾಗಿ ತಲುಪಿದೆ. ನಿವೃತ್ತನಾದವನು ಟಿಕೆಟ್ ಪರೀಕ್ಷಕನಿಗೆ ಪಾಸು ತೋರಿಸುವಾಗ ಆಗುವ ಸಂಕಟವನ್ನು ಮುಖತಃ ಹೇಳುತ್ತೇನೆ. ಈಗ ಅದಕ್ಕಿಂತ ದೊಡ್ಡ ವಿಷಯವಿದೆ.

ಕೆಂಚಿಯ ದಿನ ಹತ್ತಿರ ಬಂತೆಂದು ನಾನು ಬಂದದ್ದು ನಿನಗೆ ಗೊತ್ತು. ಎಂದಿನಂತೆ ಜಗಲಿಯಲ್ಲಿದ್ದೆ. ನಿನ್ನೆ ಮಧ್ಯಾಹ್ನ ಕೋಕಿಲಾ ಡ್ಯೂಟಿಗೆ ಹೋಗಿದ್ದಳು. ಹಸು ಮೇಯಲು ಹೋಗದೆ ಬೆಳಿಗ್ಗೆಯೇ ಇಲ್ಲಿಗೆ ಬಂದಿತ್ತು, ಆ ಅಜ್ಜಿ ಒಳಗೆ ಅದರ ಜೊತೆ ಇದ್ದರು. ಇದ್ದಕ್ಕಿದ್ದ ಹಾಗೆ ಕೂಗಿದರು. "ಸ್ವಾಮೀ, ಬಿರ್ರನೆ ಬನ್ನಿ ಒಳೀಕೆ! ಕರ ಅರ್ಧಕ್ಕೆ ನಿಂತದೆ, ಕಾಲ್ ಹಿಡಿದು ಎಳೀಬೇಕು, ನನ್ ಕೈಲಿ ಆಗಕ್ಕಿಲ್ಲ!"

ನಾನು ಬಾಗಿಲ ತನಕ ಹೋಗಿ ನಿಂತೆ. "ಅಮ್ಮಾ, ನನ್ನದೊಂದು ಶಪಥ ಇದೆ" ಅಂದೆ.

"ನಿಮ್ ಶಪಥ ಹಸೀಗ್ ಗೊತ್ತಾ?" ಅಂದರು.

ತುಂಗಾ, ಆಮೇಲೆ ನಾನು ಒಳಗಿದ್ದೆ. ಹೇಗೆ ಹೋದೆನೋ ತಿಳಿಯದು. ಅಜ್ಜಿ ಹೇಳಿದ ಹಾಗೆ ಎಳೆದೆ. ಕರು ನನ್ನ ಮಡಿಲಿಗೇ ಬಿತ್ತು, ಪಂಚೆಯ ಗತಿ ಕೇಳಬೇಡ. ಹೆಣ್ಣುಕರು, ಹಣೆಯಲ್ಲಿ ತಾಯಿಯ ಹಾಗೇ ಬಿಳಿ ಬೊಟ್ಟು. ಅದು ನಡುಗುತ್ತ ಎದ್ದು ನಿಂತಾಗ ನಾನು ಅತ್ತೆ. ಅಜ್ಜಿಯೂ ಅತ್ತರು. ನಮ್ಮಿಬ್ಬರನ್ನೂ ನೋಡಿ ಕೆಂಚಿ ಒಂದು ಸಲ ಕೂಗಿ ಕರುವನ್ನು ನೆಕ್ಕತೊಡಗಿತು.

ಬಿಸಿನೀರು ಬೇಕೆಂದರು. ಅಡುಗೆಮನೆಗೆ ಓಡಿದೆ. ಬೆಂಕಿಪೊಟ್ಟಣ ಹುಡುಕುತ್ತ ಒಳಗಿನ ರೂಮಿನ ಬಾಗಿಲು ತೆಗೆದೆ. ಅವಳು ಆ ರೂಮನ್ನು ಬಳಸಿಯೇ ಇಲ್ಲ. ಸುಣ್ಣ ಬಳಿದು, ಎರಡು ಹೊಸ ಚಾಪೆ ಸುತ್ತಿಟ್ಟಿದ್ದಾಳೆ. ಆ ದಪ್ಪ ಮಣ್ಣಿನ ಗೋಡೆಯನ್ನು ಒಡೆಸಿ ಒಂದು ಕಿಟಕಿ ಇಡಿಸಿದ್ದಾಳೆ, ನೆಲದಲ್ಲಿ ಕೂತರೆ ನನ್ನ ಮುಖದ ಎತ್ತರಕ್ಕೆ. ಕೂತು ನೋಡಿದೆ. ದಕ್ಷಿಣದ ಕಿಟಕಿ, ಮೈಸೂರು ಗಾಡಿಯ ಕೂಗು ಅಲ್ಲಿಂದ ಚೆನ್ನಾಗಿ ಕೇಳುತ್ತದೆ. ಪಕ್ಕದ ಮೊಳೆಗೆ ದಾರ ಕಟ್ಟಿ ಈ ವರ್ಷದ ರೈಲ್ವೆ ಟೈಮ್‌ಟೇಬಲ್ ನೇತುಹಾಕಿದ್ದಾಳೆ. ನಾನು ಬರುವುದಿಲ್ಲ ಎಂದು ಅಷ್ಟು ಕಾಗದ ಬರೆದಿದ್ದೆನಲ್ಲ, ಅದನ್ನೆಲ್ಲ ಓದಿಕೊಂಡೇ ಇದನ್ನು ಮಾಡಿಸಿದ್ದಾಳೆ. ಒಂದು ಸಲವೂ ಹೇಳಲಿಲ್ಲ. ನನಗೆ ನಾಚಿಕೆಯಾಯಿತು, ತುಂಗಾ. ಸಂತೋಷ ಅದಕ್ಕಿಂತ ಹೆಚ್ಚಾಯಿತು. ನೀರು ಇಡುವುದು ಮರೆತು ಅಜ್ಜಿಯಿಂದ ಬೈಸಿಕೊಂಡೆ.

ಸಂಜೆ ಕೋಕಿಲಾ ಬಂದಳು. ಜಗಲಿ ಖಾಲಿ ನೋಡಿ ಗಾಬರಿಯಾದಳು. ಒಳಗೆ ಕರುವಿನ ಪಕ್ಕ ಹುಲ್ಲಿನ ಮೇಲೆ ನಾನು. ಬ್ಯಾಗು ಇಳಿಸಿ ಕರುವಿನ ಹಣೆ ಸವರಿದಳು. ಆಮೇಲೆ, "ಬಲಗಾಲಿಟ್ಟು ಬಂದಿರಾ ಅಪ್ಪ?" ಎಂದು ಕೇಳಿದಳು. ಯಾವ ಕಾಲು ಮೊದಲಿಟ್ಟೆನೋ ನಿಜವಾಗಿಯೂ ನೆನಪಿಲ್ಲ ಎಂದೆ. ಆಗ ನಕ್ಕಳು ನೋಡು, ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ.

ಬೆಳಿಗ್ಗೆ ಗೃಹಪ್ರವೇಶದ ಹಾಲುಕ್ಕಿಸೋಣ ಎಂದು ಹೊರಟರೆ ಮನೆಯಲ್ಲಿದ್ದದ್ದು ಕೆಂಚಿಯ ಹೊಸ ಹಾಲು. ಅದು ಎಲ್ಲಿ ಉಕ್ಕುತ್ತದೆ? ಒಲೆಯ ಮೇಲೆ ಗಟ್ಟಿಯಾಗಿ ಗಿಣ್ಣಾಗಿ ಕೂತಿತು. ಕೋಕಿಲಾ ಬೆಲ್ಲ ಏಲಕ್ಕಿ ಹಾಕಿ ತಟ್ಟೆಯಲ್ಲಿ ತಂದಿಟ್ಟು, ನನ್ನ ಮುಖ ನೋಡದೆ ನಿಂತಳು. ನನ್ನ ನಿಯಮ ಅವಳಿಗೆ ಗೊತ್ತಲ್ಲ. ನಾನು ಅಜ್ಜಿಗೆ ವಿವರಿಸಿದೆ: ಮಗಳ ಮನೆಯಲ್ಲಿ ಮಗು ಹುಟ್ಟುವ ತನಕ ತಂದೆ ಉಣ್ಣುವ ಹಾಗಿಲ್ಲ.

"ಹುಟ್ತಲ್ಲ ಸ್ವಾಮಿ. ನೀವೇ ಹಿಡ್ಕೊಂಡ್ರಲ್ಲ" ಅಂದರು ಅಜ್ಜಿ.

ನಾನು ಎಲ್ಲ ದಿಕ್ಕಿನಿಂದಲೂ ಯೋಚಿಸಿದೆ. ಮಗು ಎಂದಿದೆಯೇ ಹೊರತು ಯಾರದು ಎಂದು ನಮ್ಮ ಹಿರಿಯರು ಯಾರೂ ಹೇಳಿದ್ದಿಲ್ಲ. ತಟ್ಟೆ ಖಾಲಿ ಮಾಡಿ ಇನ್ನೊಂದು ತುಂಡು ಕೇಳಿದೆ.

ನೀನು ಅರಸೀಕೆರೆಯ ರೂಮು ಬೇಡವೆಂದು ಹೇಳಿ ಕಳಿಸು. ಪಾತ್ರೆ ಪಡಗ ಕಟ್ಟಿ ಬ್ರೇಕ್‌ವ್ಯಾನಿಗೆ ಹಾಕಿಸಿ, ಯುಗಾದಿ ಮುಗಿಸಿಕೊಂಡು ಹೊರಟು ಬಾ. ಒರಳುಕಲ್ಲು ತರಬೇಡ, ಇಲ್ಲಿ ಅಜ್ಜಿಯ ಅತ್ತೆಯ ಕಾಲದ್ದು ಇದೆ. ಹೊಗೆ ಚೆನ್ನಾಗಿ ಹೋಗುತ್ತದೆ, ನಾನೇ ಒಲೆ ಹಚ್ಚಿ ನೋಡಿದ್ದೇನೆ. ಬಂದಾಗ ಬಲಗಾಲಿಟ್ಟು ಬಾ, ನಮ್ಮಿಬ್ಬರಲ್ಲಿ ಒಬ್ಬರದಾದರೂ ಸರಿಯಿರಲಿ.

ಹೊರಡುವ ದಿನ ತಿಳಿಸಿ ಕೂಡಲೇ ಕಾಗದ ಹಾಕು. ವಿಳಾಸದಲ್ಲಿ ನಂಜುಂಡಪ್ಪನವರ ಹೆಸರು ಬರೆಯಬೇಡ, ಜಂಬಣ್ಣ ಅಲ್ಲಿಗೇ ಕೊಟ್ಟುಬಿಡುತ್ತಾನೆ. ಹೀಗೆ ಬರೆ:

ಚಕ್ರಪಾಣಿ, ನಿವೃತ್ತ ಸ್ಟೇಷನ್ ಮಾಸ್ಟರ್,
ಕೇರಾಫ್ ಕುಮಾರಿ ಕೋಕಿಲಾ,
ಹಳೇ ಊರು, ಅತ್ತಿಗುಪ್ಪೆ,
ಬೆಂಗಳೂರು – ೪೦